ಇನ್ನೂರ ಹದಿನೆಂಟು ಪಾಸಾದ ಬೆಳಗು

ಆ ದಿನ ಬೆಳಗ್ಗೆ ಹೊಳೆಯ ಮೇಲೆ ಮಂಜು ಕೂತಿತ್ತು. ಮಾಘ ಮುಗಿಯುತ್ತ ಬಂದಿದ್ದರೂ ಚಳಿ ಇನ್ನೂ ಗಂಟುಮೂಟೆ ಕಟ್ಟಿರಲಿಲ್ಲ. ಗಾಳಿಯ ಸುಳಿವೇ ಇಲ್ಲ. ಎರಡು ದಿನದ ಹಿಂದೆ ಮೇಲಿನ ಅಣೆಕಟ್ಟಿನಿಂದ ಬಿಟ್ಟ ನೀರು ಇಳಿದುಹೋಗಿ, ದಂಡೆಯ ಕಲ್ಲುಗಳ ಮೇಲೆಲ್ಲ ಬೆರಳುದಪ್ಪ ರಾಡಿ ಉಳಿದಿತ್ತು. ಎದುರಿಗೆ ಇನ್ನೊಂದು ದಡ ಇದೆ ಎಂಬುದಕ್ಕೆ ಅಲ್ಲೆಲ್ಲೋ ಬೊಗಳುವ ನಾಯಿಯೊಂದೇ ಸಾಕ್ಷಿ.

ಮಾವಿನಗಡ್ಡಿ ಎಂದರೆ ಕೃಷ್ಣೆಯ ನಡುವೆ ಇರುವ ನೂರಾ ಹತ್ತು ಮನೆಗಳ ನಡುಗಡ್ಡೆ. ಅಲ್ಲಿಯ ಮಹಾನಂದಾ ಎದ್ದು, ಮಿಂದು, ದೇವರ ಮುಂದೆ ದೀಪವಿಟ್ಟು, ಮಾವನಿಗೆ ಚಹಾ ಕೊಟ್ಟಳು. ಮುದುಕ ಒಂದು ಗುಟುಕು ಕುಡಿದು, "ಸಕ್ರಿ ಕಮ್ಮಿ ಆತು," ಅಂದ. ಅವಳು ಹೂಂ ಅಂದು ಸೆರಗು ಸಿಕ್ಕಿಸಿಕೊಂಡು ಹೊರಟಳು. ಮದುವೆಯಾಗಿ ಬಂದ ಇಪ್ಪತ್ತನಾಲ್ಕು ವರ್ಷದಲ್ಲಿ ಆ ಮಾತು ತಪ್ಪಿದ್ದು ಒಂದೇ ದಿನ. ಅಂದು ಮುದುಕ ಸುಮ್ಮನೆ ಕುಡಿದು ಲೋಟ ಕೆಳಗಿಟ್ಟಿದ್ದ. ಮನೆಯವರೆಲ್ಲ ಇವತ್ತು ಚಹಾ ಸರಿಯಾಯಿತು ಎಂದುಕೊಂಡರೆ, ಮಹಾನಂದಾ ಮಾತ್ರ ಹೋಗಿ ಹಣೆ ಮುಟ್ಟಿ ನೋಡಿದ್ದಳು. ಜ್ವರ ಕೆಂಡದಂತೆ ಸುಡುತ್ತಿತ್ತು.

ಅವಳ ಕೆಲಸವೂ ಹೆಚ್ಚುಕಡಿಮೆ ಅದೇ ಬಗೆಯದು.

ಗಡ್ಡಿಗೆ ಸೇತುವೆ ಆಗುತ್ತದೆ ಎಂಬ ಮಾತು ಅವಳ ಗಂಡನ ಅಜ್ಜನ ಕಾಲದಿಂದ ಇತ್ತು. ಸೇತುವೆಯ ಬದಲು ಹನ್ನೆರಡು ವರ್ಷದ ಹಿಂದೆ ಒಂದು ದೋಣಿ ಬಂತು. ನಲವತ್ತು ಜನ ಕೂರುವಂಥದ್ದು, ಬಿಸಿಲಿನಿಂದ ಓಡುವಂಥದ್ದು, ನಡೆಸುವವರು ಬೇಡದಂಥದ್ದು. ಜನ ಅದಕ್ಕೆ ಜಾಣದೋಣಿ ಅಂತ ಹೆಸರಿಟ್ಟರು. ಆದರೆ ಅದು ಹುಟ್ಟುತ್ತಲೇ ಜಾಣ ಆಗಿರಲಿಲ್ಲ. ಮೊದಲ ಒಂದು ವರ್ಷ ಅಂಬಿಗರ ತಿಪ್ಪಣ್ಣ ಅದರ ಚುಕ್ಕಾಣಿ ಹಿಡಿದು ದಿನಾಲು ಹೊಳೆ ದಾಟಿದ. ಅವನು ಎಲ್ಲಿ ತಿರುಗಿಸಿದ, ಎಲ್ಲಿ ನಿಧಾನ ಮಾಡಿದ, ಆಗ ಹೊಟ್ಟೆಯಡಿಯ ನೀರು ಎಷ್ಟು ಆಳ ಇತ್ತು ಎಂಬುದನ್ನೆಲ್ಲ ದೋಣಿ ನೋಡಿ ನೋಡಿ ಕಲಿಯಿತು. ಕಲಿತ ಮೇಲೆ ತಿಪ್ಪಣ್ಣ ಕೆಳಗಿಳಿದು ಬೀಡಿ ಹಚ್ಚಿದ.

ಕಲಿತದ್ದನ್ನು ಅದು ಮರೆತಿಲ್ಲವೆಂದು ದಿನಾ ನೋಡಬೇಕಲ್ಲ. ಅದಕ್ಕೆ ದಂಡೆಯ ಮೇಲೊಂದು ಕೋಣೆ ಇತ್ತು, ಎಲ್ಲರೂ ದೋಣಿಮನೆ ಅನ್ನುತ್ತಿದ್ದರು. ಮೊದಲ ಫೇರಿಗೆ ಮುಂಚೆ ದೋಣಿ ಗೂಟಕ್ಕೆ ಕಟ್ಟಿಸಿಕೊಂಡೇ, ಹಿಂದಿನ ಸಂಜೆ ತಾನು ಅಳೆದ ಆಳಗಳನ್ನು ಮುಂದಿಟ್ಟುಕೊಂಡು, ಮನಸ್ಸಿನಲ್ಲೇ ಮೂವತ್ತು ಸಲ ಹೊಳೆ ದಾಟುತ್ತಿತ್ತು. ಆ ಮನಸ್ಸಿನ ದಾಟುವಿಕೆಯನ್ನು ಮುನ್ನೂರ ನಲವತ್ತು ಪರೀಕ್ಷೆಗಳು ತಡೆದು ಕೇಳುತ್ತಿದ್ದವು: ಗಾಳಿ ಬಂದರೆ ಬಾಗಿದೆಯೋ, ಎದುರು ಹರಿಗೋಲು ಬಂದರೆ ದಾರಿ ಬಿಟ್ಟಿದೆಯೋ, ದಡದಲ್ಲಿ ಮಕ್ಕಳಿದ್ದರೆ ಕಾದಿದೆಯೋ. ಪಾಸಾದದ್ದು ಹಸಿರು, ಫೇಲಾದದ್ದು ಕೆಂಪು. ಕೆಂಪನ್ನು ನೋಡಿ ಬಗೆ ಮಾಡುವುದು ಮಹಾನಂದಾಳ ಕೆಲಸ. ಹೊಸ ಕೆಂಪು ಕಂಡರೆ ದೋಣಿ ಬಿಡುವಂತಿಲ್ಲ. ಹಳೆಯ ಕೆಂಪು, ಕಾರಣ ಗೊತ್ತಿದ್ದು ರಿಪೇರಿಗೆ ಕಾದಿದ್ದು, ಅದು "ಗೊತ್ತಿದ್ದದ್ದು". ಹೋದ ವರ್ಷದಿಂದ ಹಿಂದಿನ ದೀಪ ಮಿಣುಕುವುದು ಅಂಥದ್ದು. ಮೂರನೆಯದೊಂದು ಬಗೆ ಇತ್ತು, "ನಿರೀಕ್ಷಿತ". ಅಂದರೆ ಅದು ಫೇಲಾಗಲೇಬೇಕು, ಯಾರೂ ಸರಿ ಮಾಡಕೂಡದು. ಆ ಬಗೆಯಲ್ಲಿ ಇದ್ದದ್ದು ಒಂದೇ ಒಂದು, ಇನ್ನೂರ ಹದಿನೆಂಟನೆಯದು.

"ನಡುಹೊಳೆಯಲ್ಲಿ ಕಾರಣವಿಲ್ಲದೆ ನಿಲ್ಲಬಾರದು" ಎಂಬುದು ಆ ಪರೀಕ್ಷೆ. ದೋಣಿ ನಿಲ್ಲುತ್ತಿತ್ತು. ನಡುಹೊಳೆಯಲ್ಲಿ ನೀರೊಳಗೆ ಒಂದು ಬಂಡೆ ಇದೆ, ನಡುಗುಂಡು. ಅದರ ಮೇಲೆ ಬಂದಾಗ ಹುಟ್ಟು ಎತ್ತಿ ಹಿಡಿದು, ದಿನದ ಮೊದಲ ಫೇರಿಯಲ್ಲಿ ಒಂದು ಹಿಡಿ ಜೋಳ ಗಂಗಮ್ಮನಿಗೆ ಬಿಟ್ಟು ಮುಂದೆ ಹೋಗುವುದು ಅಂಬಿಗರ ಪದ್ಧತಿ. ತಿಪ್ಪಣ್ಣ ಜಾಣದೋಣಿಯ ಮೇಲೂ ಹಾಗೇ ನಿಂತ. ದೋಣಿ ಅದನ್ನೂ ಕಲಿಯಿತು. ಹೊಟ್ಟೆಯಡಿ ಆಳ ಒಮ್ಮೆಲೇ ಕಮ್ಮಿಯಾದದ್ದು ಕಂಡರೆ ಅದು ತಾನಾಗಿ ನಿಂತು, ಹತ್ತು ಎಣಿಸುವಷ್ಟು ಹೊತ್ತು ಕಾದು, ಮುಂದೆ ಸಾಗುತ್ತಿತ್ತು. ಜನ ಜೋಳ ಬಿಡುತ್ತಿದ್ದರು. ಪಟ್ಟಿಯಲ್ಲಿ ಕಾರಣ ಬರೆಯುವ ಜಾಗದಲ್ಲಿ ಮಹಾನಂದಾ ಹನ್ನೊಂದು ವರ್ಷದ ಹಿಂದೆ ಒಂದೇ ಪದ ಬರೆದಿದ್ದಳು: "ತಿಪ್ಪಣ್ಣ".

ಅವತ್ತು ದೋಣಿಮನೆಯ ಪರದೆ ನೋಡಿದಾಗ ಇನ್ನೂರ ಹದಿನೆಂಟು ಹಸಿರಾಗಿತ್ತು.

ಅವಳು ಇನ್ನೊಮ್ಮೆ ಓಡಿಸಿದಳು. ಆಗಲೂ ಹಸಿರೇ. ಮುನ್ನೂರ ನಲವತ್ತರಲ್ಲಿ ಕೆಂಪು ಉಳಿದದ್ದು ದೀಪದ್ದೊಂದೇ. ಇಷ್ಟು ಚಂದದ ಪಟ್ಟಿ ಅವಳು ಹಿಂದೆಂದೂ ನೋಡಿರಲಿಲ್ಲ. ಒಪ್ಪಿಗೆ ಕೊಡಲು ಹೆಬ್ಬೆರಳು ಒತ್ತುವ ಗಾಜಿನ ಮುಂದೆ ಅವಳು ಕೈ ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು.

ಹೊರಗೆ ಆಗಲೇ ಗದ್ದಲ ಸುರುವಾಗಿತ್ತು. ಅಂದು ಹುಲಿಗೆಮ್ಮನ ಮದುವೆ. ಗಂಡಿನ ಊರು ಆಚೆ ದಡದ ತೊಂಡಿಹಾಳ. ಅಕ್ಕಿಕಾಳು ಬೀಳುವ ಮುಹೂರ್ತ ಹತ್ತು ಗಂಟೆ ಹತ್ತು ನಿಮಿಷಕ್ಕೆ. ಮೂವತ್ತೆಂಟು ಜನ ದಿಬ್ಬಣದವರು ಬುತ್ತಿ, ಟ್ರಂಕು, ಬಾಜಾ ಸಮೇತ ದಂಡೆಗೆ ಬಂದು ನಿಂತಿದ್ದರು. ಈ ಮದುವೆ ಒಮ್ಮೆ ಮುಂದಕ್ಕೆ ಹೋಗಿತ್ತು. ಹೆಣ್ಣಿನ ಕಡೆ ಸೂತಕ ಬಂದಿತ್ತು ಅಂತ ಗಂಡಿನವರು ತಾಳಿಕೊಂಡಿದ್ದರು. ಈ ಸಲದ ಮುಹೂರ್ತ ತಪ್ಪಿದರೆ ಸಂಬಂಧವೇ ಬೇಡ ಅಂತ ಗಂಡಿನ ದೊಡ್ಡಪ್ಪ ನಾಲ್ಕು ಜನರ ಮುಂದೆ ಹೇಳಿ ಕಳಿಸಿದ್ದ. ಅದು ಗಡ್ಡಿಯ ಮಕ್ಕಳಿಗೂ ಗೊತ್ತಿತ್ತು.

ಮೊದಲು ಬಾಗಿಲಿಗೆ ಬಂದವನು ಹುಲಿಗೆಮ್ಮನ ಸೋದರಮಾವ ಅಯ್ಯಾಳಪ್ಪ. ತಲೆಗೆ ಗುಲಾಬಿ ರುಮಾಲು, ಕೈಯಲ್ಲಿ ಅಡಿಕೆ ಚೀಲ.

"ಏನ್ ತಂಗಿ, ಬಾಗಲಾ ತೆಗೆದೀ, ದೋಣಿ ತೆಗೀಲಿಲ್ಲ. ನಿನಗೂ ಒಂದು ಸೀರಿ ಉಡಿಸಬೇಕೇನು, ಹೇಳಿಬಿಡು."

"ಸ್ವಲ್ಪ ತಡೀ ಅಯ್ಯಾಳಣ್ಣ. ಒಂದು ಫೇಲ್ ಆಗಬೇಕಾಗಿದ್ದು ಪಾಸ್ ಆಗೇತಿ."

ಅಯ್ಯಾಳಪ್ಪ ಹಿಂದೆ ತಿರುಗಿ ದಿಬ್ಬಣದವರಿಗೆ ಕೇಳುವಂತೆ ಹೇಳಿದ: "ಕೇಳ್ರೆಪ್ಪೋ, ದೋಣಿ ಪಾಸ್ ಆಗೇತಂತ, ಅದಕ್ಕ ಬಿಡಾಂಗಿಲ್ಲಂತ. ನನ್ನ ಮಗ ಹತ್ತನೇತ್ತಾ ಮೂರು ಸಲ ಫೇಲಾದ. ಅವನ್ನ ಇಲ್ಲಿಗೆ ತಂದು ಕೂಡಿಸಿದ್ರ ದೋಣಿ ಹೋಗ್ತಿತ್ತೇನೋ."

ಜನ ನಕ್ಕರು. ಮಹಾನಂದಾಳಿಗೂ ನಗು ಬಂತು, ಆದರೆ ಕೈ ಮಡಿಲಲ್ಲೇ ಇತ್ತು.

ಅಷ್ಟರಲ್ಲಿ ಇಂಜಿನಿಯರ್ ಭರತೇಶ ಬಂದ. ತುಮಕೂರು ಸೀಮೆಯವನು, ಇನ್ನೂ ಮೂವತ್ತೆರಡರ ಹುಡುಗ. ಜಿಲ್ಲೆಯ ಎಲ್ಲ ಜಾಣದೋಣಿಗಳ ಮೇಲ್ವಿಚಾರಣೆ ಅವನದು. ಮದುವೆಗೆ ಕರೆದಿದ್ದರೆಂದು ಹಿಂದಿನ ಸಂಜೆಯ ಕೊನೆಯ ಫೇರಿಯಲ್ಲಿ ಅಯ್ಯಾಳಪ್ಪನ ಜೊತೆಗೇ ಬಂದು, ಶಾಲೆಯ ಕೋಣೆಯಲ್ಲಿ ಮಲಗಿದ್ದ. ಪಟ್ಟಿ ನೋಡಿದವನ ಮುಖ ಅರಳಿತು.

"ಮಹಾನಂದಾ ಅವರೇ, ಇದು ಸಂತೋಷದ ಸುದ್ದಿ. ಆ ನಿಲ್ಲೋ ಚಾಳಿ ಬಿಡಿಸೋಕೆ ಅಂತ ನಾನು ಹೋದ ತಿಂಗಳು ಹೊಸ ಪಾಠ ಕಳಿಸಿದ್ದೆನಲ್ಲ, ಕೊನೆಗೂ ಹತ್ತಿದೆ. ಹನ್ನೊಂದು ವರ್ಷದ ಕೆಂಪು ಹೋಯ್ತು. ಒತ್ತಿ."

"ಸರ್, ನಿಮ್ಮ ಪಾಠ ಬಂದು ಇಪ್ಪತ್ತಾರು ದಿನ ಆತು. ಇಪ್ಪತ್ತೈದು ದಿನ ಫೇಲ್ ಆಗೇತಿ. ಇವತ್ತ ಯಾಕ ಪಾಸಾತು?"

"ನಿಧಾನಕ್ಕೆ ಕಲಿಯುತ್ತೆ."

"ನಿಧಾನಕ್ಕ ಕಲಿತ್ರ ನಿಲ್ಲೂದು ಹತ್ತರಿಂದ ಎಂಟಾಗಬೇಕು, ಎಂಟರಿಂದ ಐದಾಗಬೇಕು. ನಿನ್ನೆತನಕ ಹತ್ತಕ್ಕ ಹತ್ತು ನಿಂತೈತಿ. ಒಂದೇ ರಾತ್ರ್ಯಾಗ ಹತ್ತು ಹೋಗಿ ಸೊನ್ನಿ ಆಗೇತಿ. ಯಾರೂ ರಿಪೇರಿ ಮಾಡಲಾರದ ತಾನ ವಾಸಿ ಆದದ್ದಕ್ಕ ನಾನು ಅಂಜತೀನ್ರಿ."

ಭರತೇಶ ಕುರ್ಚಿ ಎಳೆದುಕೊಂಡು ಕೂತ. ಪರದೆಯ ಮೇಲೆ ಬೆರಳಾಡಿಸಿ ಆಳದ ಅಂಕಿಗಳನ್ನು ತೆಗೆದ. ಹಿಂದಿನ ಸಂಜೆಯ ದಾರಿ ಉದ್ದಕ್ಕೂ ಒಂದೇ ಸಮ: ಮೂರು ಮೀಟರ್, ಮೂರು ಮೀಟರ್, ಮೂರು ಮೀಟರ್.

"ನೀರು ಬಿಟ್ಟಿದ್ದರಲ್ಲ, ಹೊಳೆ ತುಂಬಿರುತ್ತೆ," ಅಂದ. ಆದರೆ ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ.

"ಬಂದ ನೀರು ನಿನ್ನೆ ಮಧ್ಯಾನ್ನನ ಇಳೀತ್ರಿ. ನಿನ್ನೆ ಸಂಜಿಗಿ ದೋಣಿ ನಡುಗುಂಡಿನ ಮ್ಯಾಲ ನಿಂತಿತ್ತೇನು? ನೀವು ಅದರಾಗ ಇದ್ರಲ್ಲ."

ಭರತೇಶ ನೆನಪು ಮಾಡಿಕೊಂಡ. ದಾರಿಯುದ್ದಕ್ಕೂ ಫೋನು ನೋಡುತ್ತಿದ್ದದ್ದು ಬಿಟ್ಟರೆ ಅವನಿಗೆ ಇನ್ನೇನೂ ನೆನಪಿಗೆ ಬರಲಿಲ್ಲ. ಅಯ್ಯಾಳಪ್ಪನ ಕಡೆ ನೋಡಿದ.

"ನನ್ನ ಕೇಳಬ್ಯಾಡ್ರಿ ಸಾಹೇಬ್ರ. ನಾನು ಅಡಿಕಿ ಚೀಲದ ಮ್ಯಾಲ ತಲಿ ಇಟ್ಟು ಗೊರಕಿ ಹೊಡೀತಿದ್ದೆ," ಅಂದ ಅಯ್ಯಾಳಪ್ಪ. ಆಮೇಲೆ, "ಆದ್ರ ದಿನಾ ಅಲ್ಲಿ ನಿಂತಾಗ ನನಗ ಎಚ್ಚರ ಆಗ್ತೈತಿ. ನಿನ್ನೆ ದಡಕ್ಕ ಬಂದು ಬಡದ ಮ್ಯಾಲೇ ಎಚ್ಚರಾತು ನೋಡ್ರಿ," ಅಂದ.

ಹೊರಗೆ ಬಾಜಾದವನು ಶಹನಾಯಿಗೆ ಗಾಳಿ ತುಂಬಿ ನೋಡುತ್ತಿದ್ದ.

ಮಹಾನಂದಾ ಮೆಲ್ಲಗೆ ಹೇಳಿದಳು: "ನಿಮ್ಮ ಹೆಬ್ಬಟ್ಟೂ ಇದಕ್ಕ ನಡೀತೈತಿ ಸರ್. ನೀವು ಒತ್ತಿದ್ರ ದೋಣಿ ಹೋಗ್ತೈತಿ, ನಾ ಅಡ್ಡ ಬರಾಂಗಿಲ್ಲ. ಆದ್ರ ಒತ್ತೂಕಿಂತ ಮೊದಲ ಅರ್ಧ ತಾಸು ಕೊಡ್ರಿ. ತಿಪ್ಪಣ್ಣ ಮುತ್ಯಾ ಹರಿಗೋಲು ಹಾಕ್ಕೊಂಡು ಹೋಗಿ ಗಳ ಇಟ್ಟು ಆಳ ನೋಡ್ಕೊಂಡು ಬರ್ಲಿ."

"ಅರ್ಧ ತಾಸು ಅಂತೀಯಲ್ಲ," ಅಯ್ಯಾಳಪ್ಪನ ದನಿ ಏರಿತು. "ಆಮ್ಯಾಲ ಏನೂ ಇಲ್ಲ ಅಂದ್ರ? ಗಂಡಿನವರ ಮುಂದ ನಾನು ಏನಂತ ಹೇಳ್ಲಿ? ದೋಣಿಗೆ ಹುಷಾರಿರಲಿಲ್ಲ ಅನ್ಲೇನು?"

ಅವನ ಹಿಂದಿನಿಂದ ಯಾರೋ ದಾರಿ ಬಿಡಿಸಿಕೊಂಡು ಒಳಗೆ ಬಂದರು. ಹುಲಿಗೆಮ್ಮ. ಅರಿಶಿಣ ಮೈ, ಹಸಿರು ಸೀರೆ, ಹಣೆಗೆ ಕಟ್ಟಿದ ಬಾಸಿಂಗ. ಮಹಾನಂದಾಳ ಗೆಳತಿಯ ಮಗಳು. ಎಳೆಯವಳಿದ್ದಾಗ ಇದೇ ಕೋಣೆಯಲ್ಲಿ ಕೂತು ಕೆಂಪು ಹಸಿರು ಎಣಿಸುವುದನ್ನು ಕಲಿತವಳು.

"ಮಾನಂದತ್ತಿ, ನಿನಗ ಗೊತ್ತೈತೇನು, ಇಲ್ಲಾ ಬರೇ ಅಂಜಿಕೇನು?"

ಮಹಾನಂದಾ ಹುಡುಗಿಯ ಮುಖ ನೋಡಿದಳು. ತಾನು ತಪ್ಪಿದರೆ ಈ ಬಾಸಿಂಗ ಮಧ್ಯಾಹ್ನ ಬಿಚ್ಚಿ ಪೆಟ್ಟಿಗೆಗೆ ಹೋಗುತ್ತದೆ. ಊರಲ್ಲಿ ಮುಂದೆ ತಾನು ಯಾರ ಮನೆ ಹೊಸ್ತಿಲು ತುಳಿದರೂ ಆ ಮಾತು ಮುಂದೆ ನಿಲ್ಲುತ್ತದೆ.

"ಗೊತ್ತಿಲ್ಲವ್ವ," ಅಂದಳು. "ಗೊತ್ತಿಲ್ಲಂತನ ನೋಡ್ಕೊಂಡು ಬರ್ಲಿ ಅನ್ನಾಕತ್ತೀನಿ."

ಹುಲಿಗೆಮ್ಮ ಮಾವನ ಕಡೆ ತಿರುಗಿ, "ಕೂಡು ಮಾವಾ. ಅರ್ಧ ತಾಸು," ಅಂದು ತಾನೂ ಕಟ್ಟೆಯ ಮೇಲೆ ಕೂತಳು. ಭರತೇಶ ಗಾಜಿನ ಮೇಲೆ ಅರ್ಧ ಚಾಚಿದ್ದ ಕೈ ಹಿಂದೆ ತೆಗೆದು ಎದ್ದ.

"ನಾನೂ ಹೋಗ್ತೀನಿ," ಅಂದ.

ತಿಪ್ಪಣ್ಣನಿಗೆ ಎಪ್ಪತ್ತೆಂಟು. ಕಣ್ಣು ಮಂದ, ಕಿವಿ ಚುರುಕು. ಹರಿಗೋಲನ್ನು ನೀರಿಗೆ ಉರುಳಿಸಿ, ಇಂಜಿನಿಯರನ್ನು ನಡುವೆ ಕೂರಿಸಿ, "ಸಾಹೇಬ್ರ, ಅಲ್ಲಾಡಬ್ಯಾಡ್ರಿ. ಇದಕ್ಕ ಪರೀಕ್ಷಾ ಗಿರೀಕ್ಷಾ ಇಲ್ಲ, ಅಲ್ಲಾಡಿದ್ರ ಫೇಲ್," ಅಂದ. ಇಬ್ಬರೂ ಮಂಜಿನೊಳಗೆ ಕರಗಿದರು.

ದಂಡೆಯಲ್ಲಿ ಉಳಿದವರಿಗೆ ನೀರಿನ ಸದ್ದೂ ಕೇಳಿಸದಾಯಿತು. ಹೆಂಗಸರು ಸೋಬಾನೆ ಹಾಡು ಸುರು ಮಾಡಿ ನಡುವೆ ನಿಲ್ಲಿಸಿದರು. ಹುಲಿಗೆಮ್ಮನ ತಾಯಿ ಮಹಾನಂದಾಳ ಕಡೆ ನೋಡಲೂ ಇಲ್ಲ. ಮಹಾನಂದಾ ದೋಣಿಮನೆಯ ಮೆಟ್ಟಿಲ ಮೇಲೆ ಕೂತು ಕಣ್ಣು ಮುಚ್ಚಿದಳು. ಗಂಗವ್ವಾ, ನನ್ನ ಮಾತು ಸುಳ್ಳಾಗಲಿ ಅಂತ ಬೇಡಲೇ, ನಿಜ ಆಗಲಿ ಅಂತ ಬೇಡಲೇ, ಎಂದು ಅವಳಿಗೇ ತಿಳಿಯಲಿಲ್ಲ. ಕೊನೆಗೆ ಏನನ್ನೂ ಬೇಡದೆ ಸುಮ್ಮನೆ ಕೈ ಮುಗಿದಳು.

ಮಂಜಿನೊಳಗೆ ತಿಪ್ಪಣ್ಣ ದೋಣಿಯ ದಾರಿಯಲ್ಲೇ ಹುಟ್ಟು ಹಾಕುತ್ತ ಹೋದ. ಒಂದೆಡೆ ನಿಲ್ಲಿಸಿ ಗಳ ಇಳಿಸಿದ. ಗಳ ಎರಡು ಮೊಳ ಇಳಿದು ಠಣ್ ಅಂತು.

"ಇಲ್ಲೇ ಐತಲ್ರಿ ನಡುಗುಂಡು. ಎಲ್ಲಿ ಹೋಗ್ತೈತಿ ಅದು? ನಮ್ಮ ಮುತ್ಯಾನ ಮುತ್ಯಾನಕಿಂತ ಹಳೇದು."

ಭರತೇಶ ಗಳವನ್ನು ತಾನೇ ಹಿಡಿದು ಮತ್ತೊಮ್ಮೆ ತಟ್ಟಿದ. ಎರಡು ಮೊಳ. ದೋಣಿಯ ಲೆಕ್ಕದಲ್ಲಿ ಇಲ್ಲಿ ಮೂರು ಮೀಟರ್. ಅವನಿಗೆ ಒಮ್ಮೆಲೇ ಎಲ್ಲ ತಿಳಿಯಿತು. ದೋಣಿಯ ಹೊಟ್ಟೆಯಡಿ ಆಳ ನೋಡುವ ಕಣ್ಣೊಂದಿದೆ. ಅದು ಕೆಳಕ್ಕೆ ಸದ್ದು ಕಳಿಸಿ, ಮರಳಿ ಬರುವ ಸದ್ದನ್ನು ಕೇಳಿ ಆಳ ಹೇಳುತ್ತದೆ. ಏನೂ ಕೇಳಿಸದಿದ್ದರೆ ಕಡೆಯ ಸಲ ಕೇಳಿದ ಅಂಕಿಯನ್ನೇ ಹೇಳುತ್ತಿರು ಅಂತ ಮಾಡಿದವರು ಬರೆದಿದ್ದರು. ಒಂದು ಗಳಿಗೆಯ ಮಟ್ಟಿಗೆ ಅದು ಒಳ್ಳೆಯ ಬುದ್ಧಿಯೇ. ಆದರೆ ರಾಡಿ ಮೆತ್ತಿ ಕಣ್ಣು ಪೂರಾ ಮುಚ್ಚಿಹೋದರೆ ದೋಣಿ ದಡದಿಂದ ದಡಕ್ಕೆ ಅದೇ ಮೂರು ಮೀಟರನ್ನು ಜಪಿಸುತ್ತ ಹೋಗುತ್ತದೆ. ಮೂರು ಮೀಟರ್ ಒಳ್ಳೆಯ ಆಳ. ಆದ್ದರಿಂದ ಉಳಿದ ಪರೀಕ್ಷೆಗಳಿಗೆಲ್ಲ ಸಂತೋಷ. ಆಳ ಕಮ್ಮಿಯಾಗಲೇಬೇಕಾದ ಜಾಗವೊಂದು ಇದೆ ಎಂದು ಗೊತ್ತಿದ್ದದ್ದು ಆ ಒಂದೇ ಪರೀಕ್ಷೆಗೆ.

"ಬಂಡೆ ಮೇಲೆ ದೋಣಿ ತಾಗ್ತಿರಲಿಲ್ಲ ಅಲ್ವಾ?" ಅವನು ಕೇಳಿದ.

"ಇದಕ್ಕ ತಾಗಾಂಗಿಲ್ರಿ, ದೋಣಿ ನೀರಾಗ ಮುಳುಗೂದು ಒಂದ ಮೊಳ. ಮುಂದಿಂದು ನೋಡೂಣ ಬರ್ರಿ."

ನೂರು ಮಾರು ಮುಂದೆ ಹೋಗುವಷ್ಟರಲ್ಲಿ ಹರಿಗೋಲೇ ಕರ್ ಅಂತ ಸದ್ದು ಮಾಡಿ ನಿಂತಿತು. ತಿಪ್ಪಣ್ಣ ಕೆಳಗಿಳಿದ. ನೀರು ಅವನ ಪಾದ ಮುಳುಗಿಸಿ ಅಷ್ಟಕ್ಕೇ ನಿಂತಿತು. ಬಿಟ್ಟ ನೀರು ತಂದು ಸುರಿದ ಹೊಸ ಮರಳು ದಿಬ್ಬ. ನಿನ್ನೆ ಸಂಜೆ ಇನ್ನಷ್ಟು ನೀರಿತ್ತು, ದೋಣಿ ಅದನ್ನು ಸವರಿಕೊಂಡು ದಾಟಿಬಿಟ್ಟಿತ್ತು. ರಾತ್ರಿ ನೀರು ಇನ್ನೂ ಇಳಿದಿತ್ತು. ಈಗ ಮೂವತ್ತೆಂಟು ಜನರನ್ನು ಹೊತ್ತು, ಮಂಜಿನಲ್ಲಿ, ಪೂರಾ ಓಟದಲ್ಲಿ ಬಂದಿದ್ದರೆ ದೋಣಿ ಮಗುಚುತ್ತಿದ್ದದ್ದು ದಿಬ್ಬದ ಆಚೆಯ ಮಡುವಿಗೆ.

ಭರತೇಶನೂ ಕೆಳಗಿಳಿದು ಆ ಮರಳನ್ನು ಕಾಲಿನಿಂದ ಒತ್ತಿ ನೋಡಿದ. ಮರಳುವಾಗ ನಡುಗುಂಡಿನ ಹತ್ತಿರ ತಿಪ್ಪಣ್ಣ ಹುಟ್ಟು ಎತ್ತಿ ಹಿಡಿದ. ಸೊಂಟ ತಡವಿಕೊಂಡು ನಕ್ಕ.

"ಅವಸರದಾಗ ಜೋಳ ತರಲಿಲ್ಲ ನೋಡ್ರಿ. ದಿಬ್ಬಣ ಇನ್ನ ಹರಿಗೋಲಿನ್ಯಾಗ, ಮರಳು ಬಳಸಿ ಮ್ಯಾಲಿನ ದಾರೀಲಿ ಹೋಗಬೇಕು, ಈ ಕಡಿ ಬರಾಂಗಿಲ್ಲ. ಗಂಗವ್ವಗ ಇವತ್ತಿಂದು ಬಾಕಿ ಉಳೀತು."

"ಪರವಾಗಿಲ್ವಾ?" ಭರತೇಶ ಕೇಳಿದ. ಆ ಪ್ರಶ್ನೆ ತನ್ನ ಬಾಯಿಂದ ಬಂದದ್ದು ಅವನಿಗೇ ಸೋಜಿಗ.

"ಆಕಿ ತಾಯಿ ಅದಾಳ. ತಡೀತಾಳ," ಅಂದ ತಿಪ್ಪಣ್ಣ.

ದಂಡೆಗೆ ಬಂದವನೇ ಭರತೇಶ ಬಟ್ಟೆ ಸಮೇತ ಎದೆಮಟ್ಟ ನೀರಿಗಿಳಿದು, ಜಾಣದೋಣಿಯ ಹೊಟ್ಟೆಯಡಿ ಕೈ ಹಾಕಿ, ಹಿಡಿ ತುಂಬ ಗಟ್ಟಿ ರಾಡಿ ತೆಗೆದು ಮೇಲೆತ್ತಿ ತೋರಿಸಿದ. ಮಹಾನಂದಾ ತಲೆಯಾಡಿಸಿದಳು. ಅಯ್ಯಾಳಪ್ಪ ಆ ರಾಡಿ ನೋಡಿದ, ದೋಣಿ ನೋಡಿದ, ಬಾಸಿಂಗ ಕಟ್ಟಿಕೊಂಡು ಕೂತ ಸೋದರಸೊಸೆಯನ್ನು ನೋಡಿದ. ರುಮಾಲು ತೆಗೆದು ಹೆಗಲಿಗೆ ಹಾಕಿಕೊಂಡು, "ಹರಿಗೋಲು ಎಷ್ಟು ಅದಾವ ಊರಾಗ? ಎಲ್ಲಾ ತರ್ರಿ," ಅಂದ.

ಊರಲ್ಲಿ ನಾಲ್ಕು ಹರಿಗೋಲು ಇದ್ದವು. ಎರಡರಲ್ಲಿ ಕೋಳಿ ಮಲಗುತ್ತಿದ್ದವು. ಕೋಳಿ ಎಬ್ಬಿಸಿ, ತೂತಿಗೆ ಡಾಂಬರು ಬಳಿದು, ಹುಟ್ಟು ಮರೆತಿದ್ದ ಗಂಡಸರ ಕೈಗೆ ಹುಟ್ಟು ಕೊಟ್ಟು ಹೊರಡುವಷ್ಟರಲ್ಲಿ ಎಂಟಾಯಿತು. ತಿಪ್ಪಣ್ಣ ಮುಂದೆ, ಮದುಮಗಳು ಅವನ ಹರಿಗೋಲಿನಲ್ಲಿ. ಮಂಜಿನಲ್ಲಿ ಹಿಂದಿನವರಿಗೆ ದಾರಿ ತಪ್ಪಬಾರದೆಂದು ಶಹನಾಯಿಯವನನ್ನು ಮುಂದಿನ ಹರಿಗೋಲಿನಲ್ಲಿ ಕೂರಿಸಿ, ನಿಲ್ಲಿಸದೆ ಊದು ಅಂದರು. ಆ ಸ್ವರವನ್ನೇ ಹಿಡಿದುಕೊಂಡು ಉಳಿದ ಮೂರೂ ಸುತ್ತುತ್ತ ಸುತ್ತುತ್ತ ಹೊಳೆ ದಾಟಿದವು.

ಅಕ್ಕಿಕಾಳು ಬಿದ್ದದ್ದು ಹತ್ತು ಹತ್ತಕ್ಕೇ. ಸೀರೆ ಅಂಚು ಒದ್ದೆಯಾಗಿತ್ತು ಅಂತ ಗಂಡಿನ ದೊಡ್ಡಪ್ಪ ಸ್ವಲ್ಪ ಗೊಣಗಿದನಂತೆ. ಅಯ್ಯಾಳಪ್ಪ ಅವನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಏನು ಹೇಳಿದನೋ, ಆಮೇಲೆ ಆ ಮನುಷ್ಯ ತಾನೇ ನಿಂತು ಗಡ್ಡಿಯವರಿಗೆ ಹೋಳಿಗೆ ಬಡಿಸಿದ.

ಮಹಾನಂದಾ ಮದುವೆಗೆ ಹೋಗಲಿಲ್ಲ. ಭರತೇಶನೂ ಹೋಗಲಿಲ್ಲ. ಇಬ್ಬರೂ ಮಧ್ಯಾಹ್ನದವರೆಗೆ ಕೂತು ದೋಣಿಯ ಕಣ್ಣು ತೊಳೆದರು, ಒಂದೇ ಅಂಕಿ ಬಹಳ ಹೊತ್ತು ಬಂದರೆ ಕೆಂಪಾಗುವ ಹೊಸ ಪರೀಕ್ಷೆಯೊಂದನ್ನು ಬರೆದರು, ಮರಳು ದಿಬ್ಬವನ್ನು ಬಳಸಿ ಹೋಗುವ ದಾರಿಯನ್ನು ದೋಣಿಗೆ ಹೇಳಿಕೊಟ್ಟರು, ಖಾಲಿ ದೋಣಿಯನ್ನೊಮ್ಮೆ ದಾಟಿಸಿ ಆಳ ಅಳೆಸಿದರು. ಭರತೇಶ ತನ್ನ ಒಂದು ತಿಂಗಳ ಹಿಂದಿನ ಪಾಠವನ್ನು ತಾನೇ ಅಳಿಸಿದ. ಸಂಜೆ ಹುಲಿಗೆಮ್ಮನ ತಾಯಿ ಮರಳಿ ಬಂದವಳು ಮಹಾನಂದಾಳ ಪಕ್ಕ ಮೆಟ್ಟಿಲ ಮೇಲೆ ಕೂತು, ಅವಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಮರುದಿನ ಮಂಜಿರಲಿಲ್ಲ. ಇನ್ನೂರ ಹದಿನೆಂಟು ಕೆಂಪಾಗಿ ಬಂತು. ಮಹಾನಂದಾ "ನಿರೀಕ್ಷಿತ" ಅಂತ ಗುರುತು ಹಾಕಿ ಹೆಬ್ಬೆರಳು ಒತ್ತಿದಳು. ಹೊಸ ದಾರಿ ಹೇಗಿದೆ ನೋಡೋಣವೆಂದು ಮೊದಲ ಫೇರಿಯಲ್ಲಿ ಅವಳೂ ಹತ್ತಿದಳು. ಸಂತೆಗೆ ಹೊರಟ ಏಳೆಂಟು ಹೆಂಗಸರಿದ್ದರು. ಭರತೇಶ ಕೈಯಲ್ಲಿ ಚೀಲ ಹಿಡಿದು ಮುಂದೆ ನಿಂತಿದ್ದ, ಜಿಲ್ಲೆಗೆ ಮರಳುವವನು.

ನಡುಗುಂಡಿನ ಮೇಲೆ ದೋಣಿ ನಿಂತಿತು. ಹೆಂಗಸರು ಸೆರಗಿನ ಗಂಟು ಬಿಚ್ಚಿ ಜೋಳ ಬಿಟ್ಟರು. ಭರತೇಶ ಪಕ್ಕದ ಮುದುಕಿಯ ಮುಂದೆ ಕೈ ಒಡ್ಡಿದ. ಅವಳು ಒಂದು ಹಿಡಿ ಹಾಕಿದಳು. ಅವನು ಬಗ್ಗಿ ಅದನ್ನು ನೀರಿಗೆ ಬಿಟ್ಟು, ಮತ್ತೆ ಕೈ ಒಡ್ಡಿದ.

"ಒಮ್ಮೆ ಬಿಟ್ರ ಸಾಕೋ ತಮ್ಮಾ," ಅಂದಳು ಮುದುಕಿ.

"ಇದು ನಿನ್ನೆಯದು ಅಜ್ಜಿ," ಅಂದ ಅವನು, ಉಳಿದವರಿಗೆ ಕೇಳಿಸದ ದನಿಯಲ್ಲಿ. ಅವಳು ಕೊಟ್ಟ ಎರಡನೆಯ ಹಿಡಿಯನ್ನು, ದೋಣಿ ಕದಲುವ ಮುಂಚೆ, ನೀರಿಗೆ ಹತ್ತಿರ ಕೈಯಿಟ್ಟು ಬಿಟ್ಟ.